ಡಾರ್ಜಿಲಿಂಗ್‌ನ ‘ಬಿ’ ದರ್ಜೆಯ ಉಗಿ ಎಂಜಿನ್

ಡಾರ್ಜಿಲಿಂಗ್ ಹಿಮಾಲಯನ್ ರೈಲ್ವೆಗಾಗಿ ಶಾರ್ಪ್ ಸ್ಟೀವರ್ಟ್ ಕಂಪನಿ 1889ರಲ್ಲಿ ತಯಾರಿಸತೊಡಗಿದ ಈ ಪುಟ್ಟ ಎಂಜಿನ್‌ಗೆ ನಾಲ್ಕೇ ಚಕ್ರ; ಓಡುವುದು ಎರಡಡಿ ಅಗಲದ ಹಳಿಯ ಮೇಲೆ. 2,258 ಮೀಟರ್ ಎತ್ತರದ ಘೂಮ್ ನಿಲ್ದಾಣಕ್ಕೆ ಹಲ್ಲುಹಳಿಯ ನೆರವಿಲ್ಲದೆ ಏರುವುದೇ ಇದರ ಹೆಚ್ಚುಗಾರಿಕೆ. ಅದರಲ್ಲಿ ಸಿಬ್ಬಂದಿಯ ಪಾಲೂ ಕಡಿಮೆಯೇನಲ್ಲ. ಡ್ರೈವರ್, ಫೈರ್‌ಮನ್ ಅಲ್ಲದೆ ಇನ್ನೊಬ್ಬ ಎಂಜಿನ್ ಮೇಲಿನ ಕಲ್ಲಿದ್ದಲ ರಾಶಿಯಲ್ಲೇ ಕೂತು ಹೆಂಟೆ ಒಡೆಯುತ್ತಿದ್ದ. ಮತ್ತಿಬ್ಬರು ಮುಂಭಾಗದ ತೊಲೆಯ ಮೇಲೆ ನಿಂತು, ಚಕ್ರ ಜಾರದಂತೆ ಒದ್ದೆ ಹಳಿಗೆ ಕೈಯಾರೆ ಮರಳು ಉದುರಿಸುತ್ತಿದ್ದರು.

ಒಟ್ಟು 34 ಎಂಜಿನ್‌ಗಳು ತಯಾರಾದವು. 1999ರಲ್ಲಿ ಈ ಮಾರ್ಗ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರುವರ್ಷವೇ ಡೀಸೆಲ್ ಬಂತು. 777 ಸಂಖ್ಯೆಯ ಎಂಜಿನ್ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ, 778 ಬ್ರಿಟನ್ನಿನಲ್ಲಿದೆ. ಅಳಿದುಳಿದ ಕೆಲವು ಡಾರ್ಜಿಲಿಂಗ್–ಘೂಮ್ ನಡುವೆ ಈಗಲೂ ಪ್ರವಾಸಿಗರ ರೈಲು ಎಳೆಯುತ್ತವೆ.