ವಾರಾಂತ್ಯದ ನರ್ತನ: ಒಂದು ಅಧ್ಯಯನಪರಂಪರೆಯ ಸಮೀಕ್ಷೆ

ಐದು ದಿನ ದುಡಿದು ಶನಿವಾರದ ರಾತ್ರಿಯನ್ನು ಕುಣಿತಕ್ಕೆ ಮೀಸಲಿಡುವ ಇಂಗ್ಲೆಂಡಿನ ತರುಣ ತರುಣಿಯರನ್ನು ಕುರಿತು ಈಚೆಗೆ ಬರುತ್ತಿರುವ ಬರವಣಿಗೆಯು ಅವರನ್ನು ಬಂಡಾಯಗಾರರೆಂದು ಕೊಂಡಾಡುತ್ತದೆ, ಇಲ್ಲವೇ ಮಾದಕದ್ರವ್ಯಕ್ಕೆ ಮರುಳಾದ ಪಲಾಯನಶೀಲರೆಂದು ಮರುಗುತ್ತದೆ; ಈ ವಿಷಯವಾಗಿ ಅರ್ಧಶತಮಾನದ ಗಂಭೀರ ವ್ಯಾಸಂಗವೊಂದು ನಡೆದಿದೆಯೆಂಬುದನ್ನು ಬರೆಯುವವರು ಅರಿತಂತೆ ತೋರುವುದಿಲ್ಲ.

1964ರಲ್ಲಿ ರಿಚರ್ಡ್ ಹಾಗರ್ಟ್ ಅವರು ಬರ್ಮಿಂಗ್‌ಹ್ಯಾಮಿನಲ್ಲಿ ಸ್ಥಾಪಿಸಿದ ಸಂಸ್ಕೃತಿ ಅಧ್ಯಯನಕೇಂದ್ರ, 1972ರಲ್ಲಿ ಸ್ಟ್ಯಾನ್ಲಿ ಕೋಹೆನ್ ಅವರು ಯುವಜನರನ್ನು ಕುರಿತ ಪತ್ರಿಕೆಗಳ ನೈತಿಕ ದಿಗಿಲನ್ನು ವಿವರಿಸಿದ ಗ್ರಂಥ, 1979ರಲ್ಲಿ ಡಿಕ್ ಹೆಬ್ಡಿಜ್ ಅವರು ಯುವಪಂಥಗಳ ವೇಷಭೂಷಣಗಳಲ್ಲಿ ಓದಿ ತೋರಿಸಿದ ಪ್ರತಿಭಟನೆ, ಇವು ಎಲ್ಲರೂ ಬಲ್ಲ ಸಂಗತಿಗಳು. ಹೆಬ್ಡಿಜ್ ಅವರ ಪುಸ್ತಕ ಸೊಗಸಾದುದು. ಆದರೆ ಅದರಲ್ಲಿ ಯಾರೂ ಬೆವರುವುದಿಲ್ಲ.

ಅದೇ ಕಾಲಕ್ಕೆ, ಹತ್ತಿಗಿರಣಿ ಕಲ್ಲಿದ್ದಲುಗಳಿಂದ ಬೆಳೆದ, ಉತ್ತರ ಇಂಗ್ಲೆಂಡಿನ ವಿಗನ್ ಎಂಬ ಊರಿನ ಕ್ಯಾಸಿನೋ ಸಭಾಂಗಣದಲ್ಲಿ, 1973ರಿಂದ 1981ರವರೆಗೆ, ಅಮೆರಿಕದ ಕಪ್ಪು ಗಾಯಕರು ಹಿಂದಿನ ದಶಕದಲ್ಲಿ ಹಾಡಿ ಅಲ್ಲಿಯೇ ಮರೆತುಹೋಗಿದ್ದ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ ತರಿಸಿ, ಕಾಲು ಜಾರಲೆಂದು ಮರದ ನೆಲಕ್ಕೆ ಪೌಡರು ಚೆಲ್ಲಿ, ಮದ್ಯದ ಮಾರಾಟವೇ ಇಲ್ಲದ ಆ ಸ್ಥಳದಲ್ಲಿ ಬೆಳಗಿನವರೆಗೂ ಕಾರ್ಮಿಕ ಯುವಜನರು ಕುಣಿಯುತ್ತಿದ್ದರು. ಪ್ರತಿ ರಾತ್ರಿಯೂ ಕೊನೆಗೆ ಅವೇ ಮೂರು ಹಾಡುಗಳು ಮೊಳಗಬೇಕೆಂಬುದು ಅಲ್ಲಿನ ಸಂಪ್ರದಾಯವಾಗಿತ್ತು. ನಾರ್ದರ್ನ್ ಸೋಲ್ ಎಂದು ಹೆಸರಾದ ಈ ಪಂಥವನ್ನು ಬರ್ಮಿಂಗ್‌ಹ್ಯಾಮಿನ ವಿದ್ವಾಂಸರು ಹೆಚ್ಚಾಗಿ ಗಮನಿಸಲಿಲ್ಲ. ಪ್ರತಿಭಟನೆಯ ಗುರುತಾಗಿ ಅಂಗಿಗೆ ಸೇಫ್ಟಿ ಪಿನ್ ಚುಚ್ಚಿಕೊಳ್ಳದೆ ಕೇವಲ ಚೆನ್ನಾಗಿ ಕುಣಿಯುವವನಿಂದ ಸಿದ್ಧಾಂತಕ್ಕೇನು ಲಾಭ?

ಈ ಕೊರತೆಯನ್ನು ಮೊದಲು ಕಂಡವರು ಸ್ತ್ರೀಯರು. ಹಿರಿಯರು ಯುವಸಂಸ್ಕೃತಿಯೆಂದು ಕರೆದದ್ದು ಗಂಡುಹುಡುಗರ ಬೀದಿಯ ಸಂಸ್ಕೃತಿಯನ್ನಷ್ಟೇ ಎಂದು ಆ ಕೇಂದ್ರದೊಳಗಿಂದಲೇ ಆಕ್ಷೇಪಿಸಿದ ಏಂಜೆಲಾ ಮ್ಯಾಕ್‌ರಾಬಿಯವರು, ಹೆಣ್ಣುಮಕ್ಕಳಿಗೆ ನರ್ತನವು ಏನಾಗಿತ್ತೆಂಬುದನ್ನು ಎಂಬತ್ತರ ದಶಕದಲ್ಲಿಯೇ ವಿಚಾರಿಸಿದರು. ನಮ್ಮ ಪೀಳಿಗೆಯ ಅಧ್ಯಯನಕಾರರಿಗೆ ದಾರಿಯಾದದ್ದು ಅದೇ. 1988ರ ಬೇಸಗೆಯಿಂದ ಆಸಿಡ್ ಹೌಸ್ ಎಂಬ ನರ್ತನಸಂಗೀತವು ಮ್ಯಾಂಚೆಸ್ಟರಿನ ಹಾಸಿಯೆಂಡಾ ನರ್ತನಾಲಯದಿಂದ ಲಂಡನ್ನಿನ ಹೊರವಲಯದ ಬಯಲುಗಳವರೆಗೆ ಹಬ್ಬಿ, 1994ರಲ್ಲಿ ಪಾರ್ಲಿಮೆಂಟು ಮರುಕಳಿಸುವ ತಾಳಗಳ ಸಂಗೀತವೆಂದು ಶಾಸನದಲ್ಲಿಯೇ ಲಕ್ಷಣ ಹೇಳಿ ಬಯಲಿನ ಕೂಟಗಳನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಾಗ, ನಾವು ಗ್ರಂಥಾಲಯವನ್ನು ಬಿಟ್ಟು ನರ್ತನಾಲಯಕ್ಕೆ ಹೋಗಲೇಬೇಕಾಯಿತು. ಸಾರಾ ಥಾರ್ನ್‌ಟನ್ ಅವರು 1995ರಲ್ಲಿ, ಸಮಾನತೆಯ ನಾಡೆಂದು ಹೊಗಳಿಸಿಕೊಂಡ ಈ ನರ್ತನಕೂಟದೊಳಗೂ ಮೇಲುಕೀಳುಗಳ ಶ್ರೇಣಿಯಿರುವುದನ್ನೂ, ಪತ್ರಿಕೆಗಳ ನಿಂದೆಯೇ ಅದಕ್ಕೆ ಪೋಷಕವಾದುದನ್ನೂ ತೋರಿಸಿಕೊಟ್ಟರು; ಬೆನ್ ಮಾಲ್ಬನ್ ಅವರು ಕುಣಿಯುವವರ ಜೊತೆಗೆ ತಾವೂ ರಾತ್ರಿ ಕಳೆದು 1999ರಲ್ಲಿ ಅದನ್ನು ಬರೆದರು. ನನ್ನ ಎಣಿಕೆಯಲ್ಲಿ ಈ ಶಾಸ್ತ್ರವು ಪ್ರೌಢವಾದದ್ದು ಇವರಿಬ್ಬರಿಂದ. ಇಂಥ ಕೂಟಗಳನ್ನು ಸಡಿಲವಾದ, ಕೂಡಿ ಚದುರುವ ಬಳಗಗಳೆಂದು ಕಾಣುವ, ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾಫೆಸೊಲಿಯವರ ನವಬುಡಕಟ್ಟು ಎಂಬ ಪರಿಕಲ್ಪನೆಗೆ ದೊರೆತ ಜನಪ್ರಿಯತೆ ಅದರ ಯೋಗ್ಯತೆಯನ್ನು ಮೀರಿದ್ದೆಂದು ಹೇಳಿದರೆ ಅನೇಕರಿಗೆ ಅಸಮಾಧಾನವಾದೀತು.

ಇಷ್ಟಾದರೂ ಸೋಮವಾರವು ಈ ಗ್ರಂಥಗಳಲ್ಲಿ ಬಹಳ ವಿರಳ. ಯಾವ ಪಾಳಿ ಮುಗಿಸಿ, ಎಷ್ಟು ಕೂಲಿ ಪಡೆದು, ಯಾವ ಬಸ್ಸು ಹಿಡಿದು ಇವರು ಬಂದರು, ಗಿರಣಿ ಮುಚ್ಚಿದ ಮೇಲೆ ಇವರ ಶನಿವಾರ ಏನಾಯಿತು ಎಂಬುದಕ್ಕೆ ನಾವು ಬರೆದ ಪುಟಗಳು ಬಹು ಕಡಮೆ. ಅದಕ್ಕಿಂತ ಕಡಮೆ ಬರೆದದ್ದು, ರಾತ್ರಿಯೇ ದಕ್ಕದವರನ್ನು ಕುರಿತು: ಎಂಬತ್ತರ ದಶಕದಲ್ಲಿ ಲಂಡನ್, ಬರ್ಮಿಂಗ್‌ಹ್ಯಾಮ್, ಬ್ರಾಡ್‌ಫರ್ಡ್‌ಗಳಲ್ಲಿ ನೆಲಸಿದ್ದ ಭಾರತ, ಪಾಕಿಸ್ತಾನಗಳ ಮನೆತನಗಳ ಹುಡುಗಿಯರು, ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಲಾರದೆ, ಶಾಲೆ ಕಾಲೇಜು ತಪ್ಪಿಸಿ, ಚೀಲದಲ್ಲಿ ಬೇರೆ ಉಡುಪಿಟ್ಟುಕೊಂಡು, ಹಗಲು ಹೊತ್ತಿನ ಭಾಂಗ್ರಾ ಕೂಟಗಳಿಗೆ ಹೋಗಿ ಸಂಜೆಯೊಳಗೆ ಮನೆ ಸೇರುತ್ತಿದ್ದರು. ಡೇಟೈಮರ್ ಎಂಬ ಆ ಕೂಟಗಳು ನಮ್ಮ ವಿದ್ವತ್ತಿನ ಮುಖ್ಯಧಾರೆಯಲ್ಲಿ ಅಡಿಟಿಪ್ಪಣಿಯ ಸ್ಥಾನವನ್ನು ದಾಟಿಲ್ಲ. ಅಂದು ಕುಣಿದವರಲ್ಲಿ ಬಹುಮಂದಿ ಈಗ ಐವತ್ತು ದಾಟಿದ ಗೃಹಿಣಿಯರು, ಉಪಾಧ್ಯಾಯಿನಿಯರು, ವೈದ್ಯೆಯರು, ಕೇಳಹೋದರೆ ಹೇಳುವರು.