ಸಾಲ್ಮನ್ ಮೀನಿನ ಕಪ್ಪು ಕಲೆ: ತಪ್ಪು ಯಾರದು?

ಬೆಂಗಳೂರಿನ ಸುಶಿ ಹೋಟೆಲುಗಳಲ್ಲಿ ಸಿಗುವ ಸಾಲ್ಮನ್ ತುಂಡನ್ನು ನೋಡಿರ್ತೀರಿ. ಕಿತ್ತಳೆ ಬಣ್ಣ, ನಡುನಡುವೆ ಬಿಳಿ ಗೆರೆ, ಎಲ್ಲೂ ಒಂದು ಚುಕ್ಕೆ ಇಲ್ಲ. ಆದರೆ ಈ ಮೀನಿನ ತವರಾದ ನಾರ್ವೆಯಲ್ಲಿ, ಸಂಸ್ಕರಣಾ ಘಟಕದ ಬೆಲ್ಟಿನ ಮೇಲೆ ಸಾಗುವ ಫಿಲೆಟ್‌ಗಳಲ್ಲಿ ಹೆಚ್ಚುಕಡಿಮೆ ಐದಕ್ಕೊಂದರಲ್ಲಿ ಕಪ್ಪು ಅಥವಾ ಬೂದು ಕಲೆ ಇರುತ್ತೆ. ಆ ಭಾಗವನ್ನು ಕತ್ತರಿಸಿ ತೆಗೀತಾರೆ, ಫಿಲೆಟ್‌ನ ದರ್ಜೆ ಇಳಿಸ್ತಾರೆ. ತಿಂದವರಿಗೆ ಏನೂ ಆಗಲ್ಲ. ನೋಡೋಕೆ ಚೆನ್ನಾಗಿರಲ್ಲ, ಅಷ್ಟೇ.

ಈ ಕಲೆ ಯಾಕೆ ಬರುತ್ತೆ ಅನ್ನೋ ಪ್ರಶ್ನೆಯ ಹಿಂದೆ ನಾನು ಬಿದ್ದಿದ್ದು ಮೀನಿನ ಮೇಲಿನ ಪ್ರೀತಿಯಿಂದ ಅಲ್ಲ. ಆಫೀಸಿನಲ್ಲಿ ಸಿಸ್ಟಮ್ ಬಿದ್ದಾಗ ನಾವೆಲ್ಲ ಮೊದಲು ಬೆರಳು ತೋರಿಸೋದು ಕೊನೆಯ ರಿಲೀಸ್ ಕಡೆಗೆ. ಸಾಲ್ಮನ್ ಕಲೆಯ ಇತಿಹಾಸದಲ್ಲೂ ಹಾಗೇ ಆಯ್ತು. ಬೆರಳು ತೋರಿಸಿದ್ದು ಲಸಿಕೆಯ ಕಡೆಗೆ ಅನ್ನೋದು ವಿಷಯವನ್ನು ಗಂಭೀರ ಮಾಡುತ್ತೆ.

ಕತೆ ಶುರುವಾಗೋದು 1970ರಲ್ಲಿ. ನಾರ್ವೆಯ ಪಶ್ಚಿಮ ಕರಾವಳಿಯ ಹಿತ್ರಾ ಎಂಬ ದ್ವೀಪದಲ್ಲಿ ಓವೆ ಮತ್ತು ಸಿವರ್ಟ್ ಗ್ರೆಂಟ್‌ವೆಟ್ ಎಂಬ ಅಣ್ಣತಮ್ಮಂದಿರು ಸಮುದ್ರದಲ್ಲಿ ತೇಲುವ ಎಂಟು ಮೂಲೆಯ ಬಲೆಯ ಪಂಜರ ಕಟ್ಟಿದರು. ಅದರೊಳಗೆ ಸುಮಾರು 20,000 ಸಾಲ್ಮನ್ ಮರಿಗಳನ್ನು ಬಿಟ್ಟರು. ಮೀನು ಬೆಳೆದವು, ದುಡ್ಡೂ ಬಂತು. ಕೆಲವೇ ವರ್ಷಗಳಲ್ಲಿ ಕರಾವಳಿಯುದ್ದಕ್ಕೂ ಅಂಥವೇ ಪಂಜರಗಳು.

ಒಂದೇ ಕಡೆ ಸಾವಿರಾರು ಜೀವ ತುಂಬಿದ ಮೇಲೆ ರೋಗ ಬರದೇ ಇರುತ್ತಾ? 1970ರ ದಶಕದ ಕೊನೆಗೆ ಹಿತ್ರಾದ ಸುತ್ತಮುತ್ತಲೇ ಚಳಿಗಾಲದಲ್ಲಿ ಮೀನು ರಾಶಿರಾಶಿ ಸಾಯತೊಡಗಿದವು. ಒಳಗೆಲ್ಲ ರಕ್ತಸ್ರಾವ. ಊರಿನ ಹೆಸರೇ ಕಾಯಿಲೆಗೂ ಅಂಟಿ 'ಹಿತ್ರಾ ರೋಗ' ಅಂತಾಯ್ತು. ಆಹಾರದಲ್ಲಿ ವಿಟಮಿನ್ ಇ ಕೊರತೆ ಅಂತ ಒಂದು ಪಕ್ಷ, ಬ್ಯಾಕ್ಟೀರಿಯಾ ಅಂತ ಇನ್ನೊಂದು ಪಕ್ಷ. ವಾದ ವರ್ಷಗಟ್ಟಲೆ ನಡೀತು. 1986ರಲ್ಲಿ ವಿಬ್ರಿಯೋ ಸಾಲ್ಮೊನಿಸಿಡಾ ಎಂಬ ಹೆಸರಿನಲ್ಲಿ ಆ ಬ್ಯಾಕ್ಟೀರಿಯಾದ ವಿವರಣೆ ಪ್ರಕಟವಾದ ಮೇಲೆ ಬ್ಯಾಕ್ಟೀರಿಯಾ ಪಕ್ಷದ ಕೈ ಮೇಲಾಯ್ತು. ಅಷ್ಟರಲ್ಲಿ, 1985ರಲ್ಲಿ, ಸ್ಕಾಟ್ಲೆಂಡಿನಿಂದ ತಂದ ಮರಿಗಳ ಜೊತೆ ಫ್ಯುರಂಕ್ಯುಲೋಸಿಸ್ ಎಂಬ ಮತ್ತೊಂದು ರೋಗ ಬಂದಿಳಿದಿತ್ತು, ಮುಂದಿನ ವರ್ಷಗಳಲ್ಲಿ ಅದು ನೂರಾರು ಫಾರ್ಮ್‌ಗಳಿಗೆ ಹರಡಿತು.

ಆಗ ರೈತರ ಕೈಯಲ್ಲಿದ್ದ ಅಸ್ತ್ರ ಒಂದೇ: ಆಂಟಿಬಯಾಟಿಕ್. 1987ರಲ್ಲಿ ನಾರ್ವೆಯ ಮೀನುಗಳಿಗೆ ತಿನ್ನಿಸಿದ ಆಂಟಿಬಯಾಟಿಕ್ ಹತ್ತಿರಹತ್ತಿರ 50 ಟನ್. ಆ ವರ್ಷ ದೇಶ ಬೆಳೆದ ಸಾಲ್ಮನ್ ಸುಮಾರು 50,000 ಟನ್. ಅಂದರೆ ಟನ್ ಮೀನಿಗೆ ಹೆಚ್ಚುಕಮ್ಮಿ ಒಂದು ಕೆ.ಜಿ. ಔಷಧ! ಇವತ್ತು ನಾರ್ವೆಯ ಉತ್ಪಾದನೆ ವರ್ಷಕ್ಕೆ 10 ಲಕ್ಷ ಟನ್ ದಾಟಿದೆ, ಆಂಟಿಬಯಾಟಿಕ್ ಬಳಕೆ ಒಂದು ಟನ್‌ಗೂ ಕಡಿಮೆ.

ಈ ಪವಾಡ ಮಾಡಿದ್ದು ಮುಖ್ಯವಾಗಿ ಲಸಿಕೆ. 1990ರ ದಶಕದ ಆರಂಭದಲ್ಲಿ ಎಣ್ಣೆ ಬೆರೆಸಿದ ಲಸಿಕೆಗಳು ಬಂದವು. ಪ್ರತಿ ಮರಿಯ ಹೊಟ್ಟೆಯೊಳಕ್ಕೆ ಒಂದೊಂದು ಇಂಜೆಕ್ಷನ್. ಎಣ್ಣೆ ನಿಧಾನವಾಗಿ ಕರಗೋದರಿಂದ ರಕ್ಷಣೆ ಬಹುಕಾಲ ಉಳಿಯುತ್ತೆ. ಆದರೆ ಅದಕ್ಕೂ ಒಂದು ಬೆಲೆ ಇತ್ತು. ಮೀನಿನ ಹೊಟ್ಟೆಯೊಳಗೆ ಉರಿಯೂತ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳೋದು, ಮತ್ತೆ ಅಲ್ಲಲ್ಲಿ ಕಪ್ಪು ಮಚ್ಚೆ.

ಇಲ್ಲಿ ಸ್ವಲ್ಪ ಜೀವಶಾಸ್ತ್ರ ಬೇಕು. ಕಪ್ಪು ಅಂದರೆ ಮೆಲನಿನ್, ನಮ್ಮ ಕೂದಲಿಗೆ, ಚರ್ಮಕ್ಕೆ ಬಣ್ಣ ಕೊಡುವ ಅದೇ ವಸ್ತು. ನಮಗೆ ಗಾಯವಾದರೆ ಮಾಂಸದೊಳಗೆ ಮೆಲನಿನ್ ತುಂಬಿಕೊಳ್ಳಲ್ಲ. ಮೀನಿನ ಲೆಕ್ಕ ಬೇರೆ. ಅದರ ರೋಗನಿರೋಧಕ ವ್ಯವಸ್ಥೆಯಲ್ಲಿ ಮೆಲನಿನ್ ಹೊತ್ತ ಕಣಗಳಿವೆ. ಉರಿಯೂತ ಬಹಳ ದಿನ ಆರದೇ ಉಳಿದ ಕಡೆ ಅವು ಗುಂಪುಗೂಡುತ್ತವೆ. ಹಾಗಾಗಿ ಫಿಲೆಟ್‌ನ ಕಪ್ಪು ಕಲೆ ಕೊಳೆಯೂ ಅಲ್ಲ, ಬೂಷ್ಟೂ ಅಲ್ಲ. ಆ ಪ್ರಾಣಿಯ ಮೈಯಲ್ಲಿ ಆರದೆ ಉಳಿದ ಗಾಯದ ಗುರುತು ಅದು.

ಲಸಿಕೆ ಹೊಟ್ಟೆಯಲ್ಲಿ ಕಪ್ಪು ಮಾಡುತ್ತೆ, ಫಿಲೆಟ್‌ನಲ್ಲೂ ಕಪ್ಪು ಕಾಣ್ತಿದೆ. ಎರಡನ್ನೂ ಜೋಡಿಸೋದು ಎಷ್ಟು ಸುಲಭ ನೋಡಿ. ಅದು ಹುಂಬತನದ ಊಹೆ ಏನಲ್ಲ. ಓಸ್ಲೋದ ಪಶುವೈದ್ಯ ಸಂಶೋಧಕ ಎರ್ಲಿಂಗ್ ಓಲಾಫ್ ಕೊಪ್ಪಾಂಗ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಬಂಧ ಸ್ನಾಯುವಿನ ಇಂಥ ಕಲೆಗೂ ಲಸಿಕೆಗೂ ನಂಟಿದೆ ಅಂತಲೇ ಹೇಳಿತ್ತು. ನನಗೆ ಹಿಡಿಸಿದ್ದು ಆಮೇಲೆ ನಡೆದದ್ದು. ಉದ್ಯಮ ಗಾಬರಿಯಾಗಿ ಲಸಿಕೆ ಬಿಡಲಿಲ್ಲ, ವಿಜ್ಞಾನಿಗಳೂ ತಮ್ಮ ಮೊದಲ ಉತ್ತರಕ್ಕೆ ಜೋತುಬೀಳಲಿಲ್ಲ. ಲಸಿಕೆ ಹಾಕಿದ ಮೀನು, ಹಾಕದ ಮೀನು ಎರಡನ್ನೂ ಸಾಕಿ ಕೊಯ್ದು ನೋಡಿದರು. ಹಾಕದವುಗಳಲ್ಲೂ ಕಲೆ ಇತ್ತು! ಸ್ನಾಯುವಿನ ಕಲೆಗೆ ಲಸಿಕೆ ಮುಖ್ಯ ಕಾರಣ ಅಲ್ಲ ಅಂತಾಯ್ತು.

ಮುಂದಿನ ಆರೋಪಿ ವೈರಸ್. ಸಾಲ್ಮನ್‌ನ ಹೃದಯ ಮತ್ತು ಸ್ನಾಯುಗಳಿಗೆ ಉರಿಯೂತ ತರುವ ಒಂದು ರೋಗ 1999ರಲ್ಲಿ ನಾರ್ವೆಯಲ್ಲಿ ಕಾಣಿಸಿಕೊಂಡಿತ್ತು. ಅದರ ಜೊತೆಗಿರುವ ಪಿಸೈನ್ ಆರ್ಥೋರಿಯೋವೈರಸ್ ಪತ್ತೆಯಾಗಿದ್ದು 2010ರಲ್ಲಿ. ಕೆಂಪು ರಕ್ತಕಣದೊಳಗೆ ಮನೆ ಮಾಡುವ ವೈರಸ್ ಇದು, ಸಮುದ್ರದ ಪಂಜರಗಳಲ್ಲಿ ಬಹಳ ಸಾಮಾನ್ಯ. ಹೋವರ್ಡ್ ಬ್ಯೋರ್ಗನ್, ಕೊಪ್ಪಾಂಗ್ ಮತ್ತಿತರರು 2015ರಲ್ಲಿ ಕಲೆಗಳೊಳಗೇ ಈ ವೈರಸ್ ಇರೋದನ್ನು ತೋರಿಸಿದರು. ಅದಕ್ಕಿಂತ ಮುಖ್ಯವಾಗಿ ಕಲೆಗೂ ಒಂದು ಆಯುಷ್ಯ ಇದೆ ಅನ್ನೋ ಚಿತ್ರ ಸ್ಪಷ್ಟವಾಯ್ತು. ಮೊದಲು ರಕ್ತ ಒಸರಿದ ಕೆಂಪು ಕಲೆ, ಆಮೇಲೆ ಕಪ್ಪು.

ಕೇಸ್ ಕ್ಲೋಸ್ ಅಂದ್ಕೊಂಡ್ರಾ? ಇಲ್ಲ. ವೈರಸ್ ಇಲ್ಲದ ಮೀನುಗಳಲ್ಲೂ ಕೆಂಪು ಕಲೆ ಸಿಕ್ಕಿತು. ಅಂದರೆ ಮೊದಲ ಪೆಟ್ಟು ಕೊಟ್ಟವರು ಬೇರೆ ಯಾರೋ, ಗಾಯ ಆರದಂತೆ ಎಳೆದಾಡಿ ಹಳೇ ಹುಣ್ಣು ಮಾಡೋದರಲ್ಲಿ ವೈರಸ್‌ನ ಕೈವಾಡ. ಪೆಟ್ರೋಲ್ ಚೆಲ್ಲಿದವನು ಒಬ್ಬ, ಕಡ್ಡಿ ಗೀರಿದವನು ಇನ್ನೊಬ್ಬ ಅನ್ನೋ ಹಾಗೆ.

ಹಾಗಾದರೆ ಮೊದಲ ಪೆಟ್ಟು? ಕಲೆ ಎಲ್ಲಿರುತ್ತೆ ಅನ್ನೋದೇ ಸುಳಿವು. ಅದು ಮೈತುಂಬ ಎಲ್ಲೆಂದರಲ್ಲಿ ಬರಲ್ಲ, ಬಹುಪಾಲು ಮುಂಭಾಗದ ಹೊಟ್ಟೆಯ ಕಡೆ, ಪಕ್ಕೆಲುಬುಗಳ ಬಳಿಯೇ. ಎಕ್ಸ್‌ರೇ ತೆಗೆದು ನೋಡಿದಾಗ ಪಂಜರದ ಸಾಲ್ಮನ್‌ಗಳಲ್ಲಿ ಡೊಂಕಾದ, ಮುರಿದು ಕೂಡಿಕೊಂಡ ಪಕ್ಕೆಲುಬುಗಳು ಕಂಡವು. ಕಲೆಗೂ ಅವಕ್ಕೂ ನಂಟು ಕಂಡಿತು. ಇತ್ತೀಚಿನ ಅಧ್ಯಯನಗಳು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಅದೇ ಜಾಗದ ಕೊಬ್ಬಿನ ಕಣಗಳು ಆಮ್ಲಜನಕ ಸಾಲದೆ ಸಾಯೋದರ ಕಡೆ ಬೊಟ್ಟು ಮಾಡ್ತಿವೆ.

ಕೊಬ್ಬು ಅಂದ ಕೂಡಲೇ ಊಟದ ಮಾತು ಬರಲೇಬೇಕು. 1990ರಲ್ಲಿ ನಾರ್ವೆಯ ಸಾಲ್ಮನ್ ಆಹಾರದ ಸುಮಾರು ಶೇ. 90 ಭಾಗ ಸಮುದ್ರದಿಂದ ಬರ್ತಿತ್ತು: ಮೀನಿನ ಹಿಟ್ಟು, ಮೀನೆಣ್ಣೆ. 2013ರ ಹೊತ್ತಿಗೆ ಅದು ಶೇ. 30ರ ಆಸುಪಾಸಿಗೆ ಇಳಿದು, ಉಳಿದ ಜಾಗಕ್ಕೆ ಸೋಯಾ, ರೇಪ್‌ಸೀಡ್ ಎಣ್ಣೆ ಬಂದವು. ಸಮುದ್ರದ ಸಣ್ಣ ಮೀನುಗಳ ಮೇಲಿನ ಒತ್ತಡ ತಗ್ಗಿಸಲು ಅದು ಬೇಕಾಗಿತ್ತು. ಆದರೆ ಮೀನಿನ ಮೈಯ ಕೊಬ್ಬಿನ ಸ್ವರೂಪವೇ ಬದಲಾಯ್ತು. ಆಹಾರದಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳಾದ ಇಪಿಎ, ಡಿಎಚ್‌ಎ ಹೆಚ್ಚಿಸಿದ ಪ್ರಯೋಗದಲ್ಲಿ ಕಪ್ಪು ಕಲೆ ಕಡಿಮೆಯಾಯ್ತು.

ಈಗ ಇಡೀ ಸಾಲನ್ನು ಒಟ್ಟಿಗಿಟ್ಟು ನೋಡಿ. ಬೇಗ ಬೆಳೆಸಿದ ಮೈ, ಬದಲಾದ ಊಟ, ಆಮ್ಲಜನಕದ ಕೊರತೆ, ಬಾಗಿದ ಪಕ್ಕೆಲುಬು, ಅದರ ಮೇಲೆ ಆರಲು ಬಿಡದ ವೈರಸ್. ಒಬ್ಬನೇ ವಿಲನ್ ಇರುವ ಸಿನಿಮಾ ಅಲ್ಲ ಇದು. ನಾವು ಕೆಲಸ ಮಾಡುವ ಜಾಗಗಳಲ್ಲೂ ಇಂಥ ಕತೆಗಳೇ ಜಾಸ್ತಿ, ಆದರೆ ಮೀಟಿಂಗಿಗೆ ಒಂದು ಹೆಸರು ಬೇಕಾಗಿರುತ್ತೆ.

2005ರ ಹೊತ್ತಿಗೆ ಯಾರಾದರೂ ಜೋರು ದನಿಯವರು "ಲಸಿಕೆ ನಿಲ್ಲಿಸಿ" ಅಂತ ಹಟ ಹಿಡಿದು ಗೆದ್ದಿದ್ದರೆ? ಹಳೆಯ ರೋಗಗಳು ವಾಪಸು ಬರ್ತಿದ್ದವು, ಅವುಗಳ ಹಿಂದೆ ಆಂಟಿಬಯಾಟಿಕ್ ಮೂಟೆಗಳೂ. ಕಪ್ಪು ಕಲೆ ಮಾತ್ರ ಅಲ್ಲೇ ಇರ್ತಿತ್ತು. ಅದಕ್ಕೇ ನನಗೆ ಈ ಇತಿಹಾಸದಲ್ಲಿ ತುಂಬಾ ದೊಡ್ಡದಾಗಿ ಕಾಣೋದು ವೈರಸ್ ಪತ್ತೆಯೂ ಅಲ್ಲ, ಎಕ್ಸ್‌ರೇಯೂ ಅಲ್ಲ. ಲಸಿಕೆ ಹಾಕದ ಮೀನನ್ನೂ ಕೊಯ್ದು ನೋಡಿದ ಆ ಸಪ್ಪೆ ಪ್ರಯೋಗ. ತನ್ನ ಅನುಮಾನ ಸುಳ್ಳಾಗಬಹುದಾದ ಕಡೆಯೇ ಹೋಗಿ ಹುಡುಕೋದು ಯಾರಿಗೂ ಖುಷಿ ಕೊಡುವ ಕೆಲಸ ಅಲ್ಲ. ಆ ಕೆಲಸ ಮಾಡಿದ್ದರಿಂದಲೇ ಅಲ್ಲಿನವರು ಇವತ್ತು ಲಸಿಕೆ ಉಳಿಸಿಕೊಂಡು, ಮೀನಿನ ಊಟವನ್ನೂ ಅದು ಬದುಕುವ ನೀರನ್ನೂ ಸರಿಮಾಡುವ ಮಾತಾಡ್ತಿದ್ದಾರೆ.