ಗರ್ಭಿಣಿಯರ ಗುಳಿಗೆಗಳು: ಹೆಸರು ನೋಡಬೇಡಿ, ಒಳಗಿರುವುದನ್ನು ಓದಿ



ಹೆಣ್ಣು ಕೊಡುವುದಕ್ಕೂ ತರುವುದಕ್ಕೂ ನಮಗೆ ರಾಜ್ಯದ ಗಡಿ ಎಂದೂ ಅಡ್ಡ ಬಂದಿಲ್ಲ. ನೇಸರಿಯ ಸೊಸೆಗೆ ಸಂಕೇಶ್ವರ ತವರು, ನಿಪ್ಪಾಣಿಯ ಸೊಸೆಗೆ ಇಚಲಕರಂಜಿ ತವರು. ಗಂಡನ ಮನೆಯಲ್ಲಿದ್ದಾಗ ಒಂದು ಕಡೆಯ ಗುಳಿಗೆ, ಕುಬಸ ಮುಗಿಸಿ ತವರಿಗೆ ಹೋದಾಗ ಇನ್ನೊಂದು ಕಡೆಯ ಗುಳಿಗೆ. ಈಚೆಗೆ ಸದಸ್ಯರೊಬ್ಬರು ಮಗಳ ಮೂರು ಬಗೆಯ ಗುಳಿಗೆಗಳನ್ನು ತಂದು, ಮೇಲಿನ ಇಂಗ್ಲಿಷ್ ಓದಿ ಹೇಳಿರೆಂದರು. ಮೂರರ ಹೆಸರೂ ಬೇರೆ, ಬಣ್ಣವೂ ಬೇರೆ. ಆದರೆ ಎರಡರಲ್ಲಿದ್ದದ್ದು ಒಂದೇ ಕಬ್ಬಿಣಾಂಶ. ಆಕೆ ಎರಡನ್ನೂ ದಿನಾಲು ನುಂಗಿ, ವಾಂತಿ, ಮಲಬದ್ಧತೆಗೆ ಬೇಸತ್ತು ಎಲ್ಲವನ್ನೂ ಬಿಡುವ ಹಂತಕ್ಕೆ ಬಂದಿದ್ದಳು. ಡಾಕ್ಟರರಿಗೆ ತೋರಿಸಿದ ಮೇಲೆ ಒಂದನ್ನು ನಿಲ್ಲಿಸಿದರು. ನಾವು ವೈದ್ಯರಲ್ಲ. ಡಾಕ್ಟರರ ಮುಂದೆ ಸರಿಯಾದ ಪ್ರಶ್ನೆ ಕೇಳಲು ಅನುಕೂಲವಾಗಲೆಂದು ಈ ಮಾಹಿತಿ.

ಯಾವುದು, ಯಾವಾಗ, ಎಷ್ಟು

ಫೋಲಿಕ್ ಆಮ್ಲ: ಮೊದಲ ಮೂರು ತಿಂಗಳು ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ನಿಂತ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಮಗು ಬೇಕೆಂದು ನಿರ್ಧರಿಸಿದಾಗಲೇ ಆರಂಭಿಸುವುದು ಒಳ್ಳೆಯದು. ಮೂರ್ಛೆ ರೋಗದ ಔಷಧಿ ತೆಗೆದುಕೊಳ್ಳುವವರು, ಸಕ್ಕರೆ ಕಾಯಿಲೆ ಇರುವವರು, ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷವಿದ್ದವರು ಮೊದಲೇ ಡಾಕ್ಟರರಿಗೆ ತಿಳಿಸಬೇಕು. ಅವರಿಗೆ ಪ್ರಮಾಣ ಬೇರೆ ಇರಬಹುದು.

ಕಬ್ಬಿಣಾಂಶ: ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಸರ್ಕಾರ ಉಚಿತವಾಗಿ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವೂ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇರುತ್ತವೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಆಗ ಪ್ರಮಾಣವನ್ನು ಡಾಕ್ಟರರೇ ಹೆಚ್ಚಿಸುತ್ತಾರೆ. ಮಲ ಕಪ್ಪಾಗುವುದಕ್ಕೆ ಹೆದರಬೇಕಿಲ್ಲ. ಚಹಾದ ಜೊತೆ ಬೇಡ, ನಿಂಬೆ ಪಾನಕದ ಜೊತೆ ಒಳ್ಳೆಯದು. ಈ ಗುಳಿಗೆ ಚಿಕ್ಕ ಮಕ್ಕಳಿಗೆ ವಿಷ; ಎತ್ತರದಲ್ಲಿಡಿ.

ಕ್ಯಾಲ್ಸಿಯಂ: ನಾಲ್ಕನೇ ತಿಂಗಳಿನಿಂದ 500 ಮಿಲಿಗ್ರಾಂ ಗುಳಿಗೆ ದಿನಕ್ಕೆ ಎರಡು ಸಲ, ಊಟದ ಜೊತೆ. ಕಬ್ಬಿಣಾಂಶದ ಗುಳಿಗೆಗೂ ಇದಕ್ಕೂ ಎರಡು ತಾಸು ಅಂತರ ಇರಲಿ. ಕೂಡಿ ನುಂಗಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಎಚ್ಚರಿಕೆ ಬೇಕಾದವು

ವಿಟಮಿನ್ ಡಿ 60,000 ಯುನಿಟ್‌ನ ಪುಡಿ ದಿನಾಲು ತೆಗೆದುಕೊಳ್ಳುವಂಥದ್ದಲ್ಲ. ಡಾಕ್ಟರರು ವಾರಕ್ಕೊಂದು ಎಂದರೆ ವಾರಕ್ಕೊಂದೇ. ರೆಟಿನಾಲ್ ರೂಪದ ವಿಟಮಿನ್ ಎ ದಿನಕ್ಕೆ 10,000 ಯುನಿಟ್ ಮೀರಿದರೆ ಮಗುವಿನ ಅಂಗರಚನೆಗೆ ಅಪಾಯ. ಕಾಡ್ ಲಿವರ್ ಎಣ್ಣೆಯಲ್ಲಿ ಇದೇ ಇರುತ್ತದೆ. ಗಜ್ಜರಿ, ಸೊಪ್ಪಿನಿಂದ ಆ ಭಯವಿಲ್ಲ. ಶುದ್ಧ ಸಸ್ಯಾಹಾರಿಗಳು ಬಿ-12 ಬಗ್ಗೆ ಕೇಳಲೇಬೇಕು. ಕಾಳು, ಪಲ್ಯದಲ್ಲಿ ಅದು ಸಿಗುವುದಿಲ್ಲ, ಹಾಲು ಮೊಸರಿನಲ್ಲಿ ಸ್ವಲ್ಪ ಇರುತ್ತದೆ.

“ಗಿಡಮೂಲಿಕೆ, ಏನೂ ಆಗುವುದಿಲ್ಲ” ಎಂಬ ಮಾತನ್ನು ನಂಬಬೇಡಿ. 2011-12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಭಾರತದಿಂದ ಹೋದ ಆಯುರ್ವೇದ ಗುಳಿಗೆ ಸೇವಿಸಿದ ಆರು ಗರ್ಭಿಣಿಯರ ರಕ್ತದಲ್ಲಿ ಸೀಸದ ವಿಷ ಕಂಡುಬಂದಿತ್ತು. ಭಸ್ಮ ಸೇರಿದ ಔಷಧಿಯನ್ನು ಡಾಕ್ಟರರಿಗೆ ತಿಳಿಸದೆ ಕೊಡಬೇಡಿ.

ಹಾಗೆಂದು ಅಡುಗೆಮನೆಯ ಬೆಲೆ ಕಡಿಮೆಯಲ್ಲ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ, ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ತೋರಿಸಿದರು. ಅದರಲ್ಲಿದ್ದ ಅಂಶಕ್ಕೇ ಮುಂದೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ಗಿರಣಿ ಕೂಲಿಕಾರರ ಆ ಕಥೆ ನಮ್ಮ ಇಚಲಕರಂಜಿಯ ಮಗ್ಗದ ಮನೆಗಳಿಗೂ ದೂರದ್ದಲ್ಲ. ಸೊಪ್ಪು, ಕಾಳು, 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುವ ರಾಗಿ, ಇವೆಲ್ಲ ತಾಟಿನಲ್ಲಿರಲಿ. ಆದರೆ ಇವು ಗುಳಿಗೆಯ ಬದಲಿಗಲ್ಲ, ಗುಳಿಗೆಯ ಜೊತೆಗೆ.

ಓದುವ ಬಗೆ

ದೊಡ್ಡ ಅಕ್ಷರದ ಹೆಸರು ಬಿಟ್ಟು, ಹಿಂದಿನ ಸಣ್ಣ ಅಕ್ಷರ ಓದಿ. ಕಬ್ಬಿಣಾಂಶದ ಗುಳಿಗೆಯಲ್ಲಿ “ಎಲಿಮೆಂಟಲ್ ಐರನ್” ಮುಂದಿನ ಅಂಕಿಯೇ ಲೆಕ್ಕಕ್ಕೆ. ಮುಗಿಯುವ ತಾರೀಖು ನೋಡಿ. ಡಬ್ಬಿಯಲ್ಲಿ ಬರುವ ಪುಡಿಗಳಿಗೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಬೇಕು. ಅದು ಆಹಾರದ ಪರವಾನಗಿ; ಔಷಧಿ ಎಂಬುದಕ್ಕೆ ಪುರಾವೆಯಲ್ಲ.

ಗಡಿ ದಾಟುವಾಗ

ಇಲ್ಲಿಯ ಮಾತಾ-ಬಾಲ ಸಂರಕ್ಷಣ ಕಾರ್ಡ್ ಆಗಲಿ, ಕರ್ನಾಟಕದ ತಾಯಿ ಕಾರ್ಡ್ ಆಗಲಿ, ಮಗಳು ಹೋದಲ್ಲೆಲ್ಲ ಹೋಗಬೇಕು. ಅದರ ಜೊತೆ ನುಂಗುತ್ತಿರುವ ಎಲ್ಲ ಗುಳಿಗೆ, ಪುಡಿ, ಟಾನಿಕ್ ಒಂದೇ ಚೀಲದಲ್ಲಿ ಹಾಕಿ ಹೊಸ ಡಾಕ್ಟರರ ಮೇಜಿನ ಮೇಲಿಡಿ. “ಇವುಗಳಲ್ಲಿ ಯಾವುದು ಎರಡು ಸಲ ಆಗಿದೆ?” ಎಂದು ಕೇಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ಆ ದಿನ ಬಳಸಿಕೊಳ್ಳಿ.

ಬೀಗರಿಬ್ಬರೂ ಕಾಳಜಿಯಿಂದಲೇ ಗುಳಿಗೆ ತರುತ್ತಾರೆ. ಆ ಕಾಳಜಿ ಒಂದೇ ಚೀಟಿಯ ಮೇಲೆ ಬರಲಿ ಎಂಬುದಷ್ಟೇ ನಮ್ಮ ವಿನಂತಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ